ಬೆಳಿಗ್ಗೆ ಹೋಗಿ ಸಂಜೆ ಬರುವ ಊರುಗಳು

ನಮ್ಮ ಮನೆಯಲ್ಲಿ ಕಾರು ಇಲ್ಲ. ಹಿಂದೆಯೂ ಇರಲಿಲ್ಲ, ಮುಂದೆ ಬರುವ ಲಕ್ಷಣವೂ ಕಾಣುತ್ತಿಲ್ಲ. ನಮ್ಮವರಿಗೆ ಒಂದು ಹಳೆಯ ಸ್ಕೂಟರ್ ಇದೆ. ಅದರ ಹಿಂದಿನ ಸೀಟಿನಲ್ಲಿ ಕೂತು ಮಾರ್ಕೆಟ್ಟಿಗೆ, ಮದುವೆ ಛತ್ರಕ್ಕೆ, ಡಾಕ್ಟರ ಹತ್ತಿರಕ್ಕೆ ಹೋಗಿ ಬರುವುದರಲ್ಲೇ ನನ್ನ ಬೆಂಗಳೂರು ಮುಗಿದುಹೋಗುತ್ತಿತ್ತು. ಹೀಗಿದ್ದವಳು ತಿಂಗಳಿಗೊಮ್ಮೆ ಚೀಲ ಹೆಗಲಿಗೇರಿಸಿ ಮೆಜೆಸ್ಟಿಕ್ಕಿನ ಕಡೆ ಹೊರಡುವಂತಾದದ್ದು ಒಂದು ಸುಳ್ಳಿನಿಂದ. ಸುಳ್ಳು ಹೇಳಿದವಳು ನಾನೇ. ಅದೂ ತರಗತಿಯಲ್ಲಿ, ನಲವತ್ತೈದು ಹುಡುಗಿಯರ ಎದುರಿಗೆ.

2008ನೇ ಇಸವಿ. ಹತ್ತನೆಯ ತರಗತಿಗೆ ನಾಲ್ಕನೆಯ ಮೈಸೂರು ಯುದ್ಧ ಹೇಳುತ್ತಿದ್ದೆ. ಬ್ರಿಟಿಷರು ಶ್ರೀರಂಗಪಟ್ಟಣದ ಕೋಟೆಗೋಡೆಯನ್ನು ಒಡೆದು ಒಳನುಗ್ಗಿದರು, 1799ರ ಮೇ 4ರಂದು ಟಿಪ್ಪು ಹೋರಾಡುತ್ತ ಮಡಿದನು ಎಂದು ಹದಿನೈದು ವರ್ಷದಿಂದ ಹೇಳಿಕೊಂಡು ಬಂದದ್ದನ್ನೇ ಹೇಳಿ ಬೋರ್ಡಿನ ಕಡೆ ತಿರುಗಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಆ ಗೋಡೆ ಒಡೆದ ಜಾಗ ಈಗ್ಲೂ ಹಾಗೇ ಇದೆಯಾ? ನೀವು ನೋಡಿದೀರಾ?"

"ಓ, ನೋಡಿದೀನಲ್ಲ" ಎಂದುಬಿಟ್ಟೆ.

"ಎಷ್ಟೆತ್ತರ ಇದೆ ಮಿಸ್?"

"ತುಂಬಾ ಎತ್ತರ."

ಅವಳು ಸಮಾಧಾನದಿಂದ ಕೂತಳು. ನನಗೆ ಮಾತ್ರ ಆ ದಿನವೆಲ್ಲ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಿತ್ತು. ಶ್ರೀರಂಗಪಟ್ಟಣಕ್ಕೆ ನಾನು ಹೋಗಿರಲಿಲ್ಲವೆಂದಲ್ಲ. ಶಾಲೆಯ ಪ್ರವಾಸದ ಬಸ್ಸಿನಲ್ಲಿ ಒಮ್ಮೆ ಹೋಗಿದ್ದೆ. ರಂಗನಾಥನ ದರ್ಶನ, ನಿಮಿಷಾಂಬೆಯ ಕುಂಕುಮ, ಸಾಲಿನಲ್ಲಿ ಮಕ್ಕಳನ್ನು ಎಣಿಸುವುದು, ಮತ್ತೆ ಬಸ್ಸು. ಸಂಜೆ ಬೃಂದಾವನದ ದೀಪ ಹತ್ತುವ ಹೊತ್ತಿಗೆ ಅಲ್ಲಿರಬೇಕು ಎಂದು ಡ್ರೈವರು ಹಾರನ್ ಹೊಡೆಯುತ್ತಲೇ ಇದ್ದ. ಕೋಟೆ ಎಂಬುದೊಂದು ಕಿಟಕಿಯಾಚೆ ಹಾದು ಹೋದದ್ದು ನೆನಪಿದೆ, ಅಷ್ಟೇ.

ಯಾಕೆ ಹೋಗಲಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಬೆಂಗಳೂರಿನಿಂದ ಅದು ಸುಮಾರು 125 ಕಿಲೋಮೀಟರು. ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದಾದ ಊರು. ಆದರೆ ನಾವು ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ನೆಪ ಬೇಕು. ಮದುವೆ, ಬಾಣಂತನ, ಸಾವು, ಹರಕೆ, ಈ ನಾಲ್ಕರಲ್ಲಿ ಒಂದು. ಅದರ ಮೇಲೆ ಕಾರಿಲ್ಲ ಎಂಬ ಸಬೂಬು ಬೇರೆ. ರಾತ್ರಿ ಊಟಕ್ಕೆ ಬಡಿಸುವಾಗ "ಬರೋ ಮೇ ತಿಂಗಳಲ್ಲಿ ಒಂದಿನ ಶ್ರೀರಂಗಪಟ್ಟಣಕ್ಕೆ ಹೋಗಿ ಒಂದು ಗೋಡೆ ನೋಡ್ಕೊಂಡು ಬರ್ತೀನಿ" ಎಂದೆ. ನಮ್ಮವರು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು "ಗೋಡೇನಾ?" ಎಂದರು. ನಮ್ಮತ್ತೆ ಮಾತ್ರ ವ್ಯವಹಾರ ಬಲ್ಲವರು. "ಹೋಗ್ಲಿ ಬಿಡು, ರಂಗನಾಥನಿಗೆ ಒಂದು ಅರ್ಚನೆ ಮಾಡಿಸ್ಕೊಂಡು ಬಾ. ಕೇಳಿದವರಿಗೆ ಹೇಳೋದಕ್ಕಾಗತ್ತೆ" ಎಂದರು.

ಹೀಗೆ 2009ರ ಮೇ ತಿಂಗಳ ಒಂದು ದಿನ ನಾನು, ನಮ್ಮ ಶಾಲೆಯ ಹಿಂದಿ ಮಿಸ್ಸು, ಕ್ರಾಫ್ಟ್ ಮಿಸ್ಸು ಮೂವರೂ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಮೈಸೂರು ಕಡೆಯ ರೈಲು ಹತ್ತಿದೆವು.

ಆ ರೈಲುದಾರಿಯ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಮದರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ. ಅಲ್ಲಿಂದ ಮುಂದೆ ಮೈಸೂರಿನವರೆಗೆ ಹಳಿ ಹಾಕುವ ಕೆಲಸ ಶುರುವಾದದ್ದು ಬರಗಾಲದಲ್ಲಿ. ನಮ್ಮಜ್ಜಿ ತಟ್ಟೆಯಲ್ಲಿ ಅನ್ನ ಬಿಟ್ಟರೆ "ಧಾತು ಈಶ್ವರದ ಬರ ನೋಡಿದ್ದಿದ್ರೆ ಗೊತ್ತಾಗ್ತಿತ್ತು" ಎಂದು ಗದರುತ್ತಿದ್ದರು. ಅವರೂ ನೋಡಿದವರಲ್ಲ, ಅವರ ಅಜ್ಜಿಯ ಬಾಯಲ್ಲಿ ಕೇಳಿದವರು. ಧಾತು, ಈಶ್ವರ ಎಂಬ ಎರಡು ಸಂವತ್ಸರ, ಎಂದರೆ 1876ರಿಂದ 78ರವರೆಗಿನ ಕ್ಷಾಮ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಹಸಿದವರಿಗೆ ಕೂಲಿ ಕೊಡಲು ತೆಗೆದ ಕೆಲಸಗಳಲ್ಲಿ ಈ ರೈಲಿನ ಏರಿಯೂ ಒಂದು. 1882ರ ಹೊತ್ತಿಗೆ ಮೈಸೂರಿಗೆ ರೈಲು ಮುಟ್ಟಿತು. ಮದ್ದೂರು ವಡೆಯ ಬುಟ್ಟಿ ಬೋಗಿಯೊಳಗೆ ಬಂದಾಗ ಎಲ್ಲರೂ ಕೈ ಚಾಚುತ್ತೇವಲ್ಲ, ಆ ಕಿಟಕಿಯ ಕೆಳಗಿನ ಮಣ್ಣು ಗಂಜಿಗಾಗಿ ಹೊತ್ತ ಮಣ್ಣು. ಪಾಠಪುಸ್ತಕದಲ್ಲಿ ರೈಲು ಒಂದು ಕಡೆ, ಕ್ಷಾಮ ಇನ್ನೊಂದು ಕಡೆ ಇರುತ್ತದೆ. ಎರಡನ್ನೂ ಬೇರೆ ಬೇರೆ ಟಿಪ್ಪಣಿಯಾಗಿ ಬರೆಸಿದವಳು ನಾನೇ.

ಶ್ರೀರಂಗಪಟ್ಟಣದಲ್ಲಿ ಒಂದು ಅನುಕೂಲವಿದೆ, ಕಾರಿನವರಿಗೆ ಅದು ತಿಳಿಯದು. ಸ್ಟೇಷನ್ನು ಕೋಟೆಯ ಒಳಗೇ ಇದೆ. ರೈಲು ಕಾವೇರಿ ದಾಟಿ, ಕೋಟೆಗೋಡೆಯನ್ನು ಸೀಳಿಕೊಂಡು ಒಳಗೆ ಬಂದು ನಿಲ್ಲುತ್ತದೆ. ಇಳಿದರೆ ರಂಗನಾಥನ ಗೋಪುರ ಕಣ್ಣಿಗೇ ಕಾಣುತ್ತದೆ. ಅರ್ಚನೆ ಮುಗಿಸಿ, ದಾರಿ ಕೇಳುತ್ತ ಕೋಟೆಯ ವಾಯವ್ಯದ ಮೂಲೆಗೆ ನಡೆದೆವು. ಅಲ್ಲಿ ಯುದ್ಧದಲ್ಲಿ ಸತ್ತ ಬ್ರಿಟಿಷ್ ಕಡೆಯವರ ನೆನಪಿಗೆ ನಿಲ್ಲಿಸಿದ ಒಂದು ಕಲ್ಲುಕಂಬವಿದೆ. ಪಕ್ಕದಲ್ಲೇ ಗೋಡೆ ಒಡೆದ ಜಾಗ.

ನಾನು ನಿಂತು ನೋಡಿದೆ. ಮೊದಲಿಗೆ ಅನಿಸಿದ್ದು, ಇಷ್ಟೇನಾ? ನಾನು ಹದಿನೈದು ವರ್ಷ ಬಾಯಲ್ಲಿ ಕಟ್ಟಿದ್ದ ಗೋಡೆ ಇದರ ಎರಡರಷ್ಟು ಎತ್ತರವಿತ್ತು. ಆಮೇಲೆ ತಲೆಯೆತ್ತಿ ಎದುರಿಗೆ ನೋಡಿದೆ. ಮೇ ತಿಂಗಳ ಕಾವೇರಿ. ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿದ್ದಿದ್ದವು, ನಡುವೆ ಅಲ್ಲಲ್ಲಿ ನೀರು. ಆಚೆ ದಡದಲ್ಲಿ ಹುಡುಗರು ಮೊಣಕಾಲು ನೀರಲ್ಲಿ ನಡೆದಾಡುತ್ತಿದ್ದರು. ಆಗ ನನಗೆ ಆ ತಾರೀಖಿನ ಅರ್ಥವಾಯಿತು. ಮೇ 4 ಎಂದು ಎಷ್ಟು ಸಲ ಬರೆಸಿದ್ದೆ! ಯಾಕೆ ಮೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಬೇಸಗೆಯಲ್ಲಿ ಹೊಳೆ ಇಳಿದಿರುತ್ತದೆ. ಮುಂಗಾರು ಹಿಡಿದರೆ ದ್ವೀಪದ ಸುತ್ತ ನೀರು ಏರಿ ಕೋಟೆಯನ್ನು ತಾನೇ ಕಾಯುತ್ತದೆ. ಜನರಲ್ ಹ್ಯಾರಿಸನ ಸೈನ್ಯಕ್ಕೆ ಮಳೆಗೆ ಮುಂಚೆ ಒಳನುಗ್ಗದೆ ಬೇರೆ ದಾರಿಯಿರಲಿಲ್ಲ. ನಡುಮಧ್ಯಾಹ್ನ ಒಂದರ ಸುಮಾರಿಗೆ ಅವರು ಈ ಬಂಡೆಗಳ ಮೇಲೆ ಓಡಿ ಬಂದರು. ಮುಂದಾಳಾಗಿದ್ದವನು ಬೇರ್ಡ್. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರನ ಕೈಗೆ ಸಿಕ್ಕಿ, ಇದೇ ಕೋಟೆಯಲ್ಲಿ ಮೂರು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದವನು. (ಈಗ ಮೇಲುಗಡೆ ಕನ್ನಂಬಾಡಿ ಕಟ್ಟೆಯಿದೆ, ಹೊಳೆಯ ಏರಿಳಿತ ಅದರ ಬಾಗಿಲುಗಳ ಕೈಯಲ್ಲಿದೆ. ಆದರೂ ಮೇ ತಿಂಗಳಲ್ಲಿ ಹೋದರೆ ಬಂಡೆಗಳು ಕಾಣುತ್ತವೆ.)

"ಏನ್ರೀ, ಬಿಸಿಲಲ್ಲಿ ಹೀಗೆ ನಿಂತುಬಿಟ್ರಿ" ಎಂದು ಹಿಂದಿ ಮಿಸ್ಸು ತೋಳು ಹಿಡಿದು ಎಳೆದರು.

ದೇವಸ್ಥಾನದ ಹತ್ತಿರಕ್ಕೆ ವಾಪಸ್ಸು ಬರುವಾಗ ಇನ್ನೊಂದು ಜಾಗ ಕಂಡಿತು. ಪ್ರವಾಸದ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1794ರಲ್ಲಿ ಹುಟ್ಟಿದ ಸ್ಥಳವೆಂದು ಒಂದು ಸಣ್ಣ ಕಟ್ಟಡ. ಕ್ರಾಫ್ಟ್ ಮಿಸ್ಸು ಅದರ ನೆರಳಲ್ಲಿ ಡಬ್ಬಿ ಬಿಚ್ಚುವ ಯೋಚನೆಯಲ್ಲಿದ್ದರು, ನನಗೆ ನೆನಪಾದದ್ದು ಲಕ್ಷ್ಮಮ್ಮಣ್ಣಿ. ಇಮ್ಮಡಿ ಕೃಷ್ಣರಾಜರ ರಾಣಿ. 1766ರಲ್ಲಿ ಗಂಡ ತೀರಿಕೊಂಡರು. ಆಮೇಲೆ ಮೂವತ್ತಮೂರು ವರ್ಷ, ಹೈದರನ ಕಾಲ, ಟಿಪ್ಪುವಿನ ಕಾಲ ಎರಡನ್ನೂ ಈ ದ್ವೀಪದಲ್ಲೇ ಕಳೆದು, ಪ್ರಧಾನ್ ತಿರುಮಲರಾಯನ ಮೂಲಕ ಮದರಾಸಿನ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸುತ್ತಲೇ ಇದ್ದ ಹೆಂಗಸು. ಸಿಕ್ಕಿಬಿದ್ದಿದ್ದರೆ ಏನಾಗುತ್ತಿತ್ತು ಎಂಬುದು ಆಕೆಗೆ ಗೊತ್ತಿರಲಿಲ್ಲವೆ? 1799ರ ಜೂನ್ 30ರಂದು ಐದು ವರ್ಷದ ಮೊಮ್ಮಗನಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಆಕೆ ಮಾಡಿದ್ದು ಸರಿಯೋ ತಪ್ಪೋ, ಇಂಗ್ಲಿಷರನ್ನು ಕರೆದದ್ದು ಮನೆ ಉಳಿಸಿಕೊಂಡದ್ದೋ ನಾಡು ಕೊಟ್ಟದ್ದೋ, ಶಿಕ್ಷಕರ ಕೊಠಡಿಯಲ್ಲಿ ನಾವು ಇನ್ನೂ ವಾದ ಮಾಡುತ್ತೇವೆ. ಟಿಪ್ಪುವಿನ ಮನೆಯ ಹೆಂಗಸರ ಗತಿಯಾದರೂ ಏನು? ಅವರನ್ನೆಲ್ಲ ವೆಲ್ಲೂರಿನ ಕೋಟೆಗೆ ಸಾಗಿಸಿದರು. ಒಂದು ಮನೆಯ ಹೆಂಗಸರು ಬಾಗಿಲು ತೆರೆದು ಹೊರಬಂದರು, ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡು ಹೋದರು. ಪಠ್ಯದಲ್ಲಿ ಇವರಿಗೆಲ್ಲ ಸೇರಿ ಎರಡು ಸಾಲು.

ಚಿತ್ರಾನ್ನ ಮುಗಿಸಿ ದರಿಯಾ ದೌಲತ್ತಿಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಗೆ ಅರಮನೆ. ಗೋಡೆಯ ಮೇಲಿನ ಪೊಲ್ಲಿಲೂರು ಯುದ್ಧದ ಚಿತ್ರದಲ್ಲಿ, ಸುತ್ತ ಕುದುರೆಗಳು ನುಗ್ಗುತ್ತಿರುವಾಗ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತು ಉಗುರು ಕಚ್ಚುವವನಂತೆ ಕಾಣುತ್ತಾನೆ. ಅದನ್ನು ನೋಡುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲ. ಓಡಿಕೊಂಡು ಸ್ಟೇಷನ್ನಿಗೆ ಬಂದರೆ ನಾವು ನಂಬಿಕೊಂಡಿದ್ದ ರೈಲು ಹೋಗಿಯಾಗಿತ್ತು. ಮುಂದಿನ ಎಕ್ಸ್‌ಪ್ರೆಸ್ಸು ಆ ಊರಿನಲ್ಲಿ ನಿಲ್ಲುವಂಥದ್ದಲ್ಲ. ಹೆದ್ದಾರಿಗೆ ಬಂದು ಕೈ ಅಡ್ಡ ಹಿಡಿದರೆ ತಡೆರಹಿತ ಬಸ್ಸುಗಳು ನಮ್ಮ ಮುಖದ ಮೇಲೆ ಧೂಳು ಹಾಕಿ ಹೋದವು. ಕೊನೆಗೆ ಮಂಡ್ಯದ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು. ಮನೆ ತಲುಪಿದಾಗ ರಾತ್ರಿ ಹತ್ತೂವರೆ. ನಮ್ಮವರು ಗೇಟಿನಲ್ಲೇ ನಿಂತಿದ್ದರು, ಮಾತಿಲ್ಲ. ನಮ್ಮತ್ತೆ ಒಳಗಿನಿಂದ "ಗೋಡೆ ಮೈಮೇಲೆ ಬೀಳ್ಲಿಲ್ಲ ತಾನೆ?" ಎಂದರು.

ಆವತ್ತೇ ಒಂದು ನೋಟ್‌ಬುಕ್ ತೆಗೆದೆ. ಅದರಲ್ಲಿ ಬರೆದ ಮೊದಲ ಬುದ್ಧಿ, ಹೋಗುವ ರೈಲಿಗಿಂತ ಬರುವ ರೈಲನ್ನು ಮೊದಲು ನೋಡಿಕೊಳ್ಳಬೇಕು, ಅದು ತಪ್ಪಿದರೆ ಇನ್ನೊಂದು ದಾರಿ ಯಾವುದೆಂದೂ ತಿಳಿದಿರಬೇಕು. ಎರಡನೆಯದು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಕಂಡಕ್ಟರನ್ನು ಕೇಳಬೇಕು, ಹಾಗೇ ಬಸ್ ಸ್ಟ್ಯಾಂಡಿನ ಹೂವಿನವಳನ್ನೂ ಕೇಳಬೇಕು. ಇಬ್ಬರ ಮಾತೂ ಹೊಂದಿದರೆ ನಂಬಬಹುದು. ಬಸ್ಸಿನಿಂದ ಇಳಿದ ಮೇಲೆ ಅತಿ ದೂರದ ಜಾಗಕ್ಕೆ ಮೊದಲು ಹೋಗಿ, ನೋಡುತ್ತ ನೋಡುತ್ತ ಸ್ಟ್ಯಾಂಡಿನ ಕಡೆಗೇ ಹತ್ತಿರವಾಗುತ್ತ ಬರಬೇಕು. ಒಂದು ದಿನಕ್ಕೆ ಒಂದೇ ಊರು. ಕಾರಿನವರು ಐದು ಊರು ಮುಗಿಸುತ್ತಾರೆ, ಮುಗಿಸಲಿ.

ಇನ್ನೊಂದು ವಿಷಯವನ್ನು ಯಾವ ಪ್ರವಾಸದ ಪುಸ್ತಕದಲ್ಲೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಹೆಂಗಸರಿಗೆ ಶೌಚಾಲಯವಿಲ್ಲ. ಇದ್ದಲ್ಲಿ ಬಾಗಿಲಿಗೆ ಚಿಲಕವಿಲ್ಲ, ಚಿಲಕವಿದ್ದಲ್ಲಿ ನೀರಿಲ್ಲ. ಅದಕ್ಕೇ ನಾವು ಬೆಳಗಿನಿಂದ ಒಂದು ಗುಟುಕು ನೀರು ಕುಡಿಯದೆ ಕೋಟೆ ಹತ್ತುತ್ತೇವೆ. ದೇವನಹಳ್ಳಿಯಲ್ಲಿ ಹೀಗೇ ಆಯಿತು. ಮೆಜೆಸ್ಟಿಕ್ಕಿನಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದಾದ ಊರು. ಟಿಪ್ಪು ಹುಟ್ಟಿದ ಜಾಗ ನೋಡಿ, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆಯ ಮೇಲೆ ನಡೆಯುತ್ತಿದ್ದಾಗ ಹಿಂದಿ ಮಿಸ್ಸು ತಲೆ ಸುತ್ತಿ ಕುಸಿದರು. ತುಟಿಯೆಲ್ಲ ಬೆಳ್ಳಗಾಗಿತ್ತು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂಬುದು ನಮಗೆ ಆವತ್ತೇ ತಿಳಿದದ್ದು. ಇಬ್ಬರೂ ಸೇರಿ ಮೆಟ್ಟಿಲು ಇಳಿಸಿ, ಕೋಟೆಯೊಳಗೆ ಸಿಕ್ಕಿದ ಮೊದಲನೆಯ ಮನೆಯ ಬಾಗಿಲು ತಟ್ಟಿದೆವು. ಆ ಮನೆಯಾಕೆ ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಚಾಪೆ ಹಾಸಿ, ಉಪ್ಪು ಹಾಕಿದ ಮಜ್ಜಿಗೆ ಕೊಟ್ಟು, ಮೆಲ್ಲಗೆ "ಹಿತ್ತಲಲ್ಲಿ ಬಾತ್‌ರೂಮಿದೆ ಕಣಮ್ಮಾ, ಹೋಗಿ ಬನ್ನಿ" ಎಂದಳು. ಅಂದಿನಿಂದ ಹೊರಡುವ ಮುಂಚೆ ಊರಿನಲ್ಲಿ ಯಾರಾದರೂ ಗುರುತಿನವರ ಮನೆಯಿದೆಯೇ, ಬಾಗಿಲು ತೆರೆದಿರುವ ಹೋಟೆಲಿದೆಯೇ ಎಂದು ವಿಚಾರಿಸಿಯೇ ದಿನ ಗೊತ್ತುಮಾಡುತ್ತೇನೆ. ನೀರು ಕುಡಿದೇ ಹೊರಡುತ್ತೇವೆ.

ದೇವನಹಳ್ಳಿಯಿಂದ ಇನ್ನಷ್ಟು ಮುಂದಕ್ಕೆ ಹೋದರೆ ನಂದಿ. ಎಲ್ಲರೂ ಬೆಟ್ಟದ ಮೇಲಿನ ಮೋಡ ನೋಡಲು ಹೋಗುತ್ತಾರೆ. ನನಗೆ ಮಂಡಿನೋವು, ಆದ್ದರಿಂದ ಬುಡದ ಭೋಗನಂದೀಶ್ವರನೇ ಸಾಕು. ಆ ಶಿವಾಲಯವನ್ನು ಕಟ್ಟಿಸಿದವಳು ಬಾಣ ವಂಶದ ರಾಣಿ ರತ್ನಾವಳಿ ಎಂದು ಒಂಬತ್ತನೆಯ ಶತಮಾನದ ಆದಿಯ ತಾಮ್ರಪಟ ಹೇಳುತ್ತದೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸಿದ್ದು ಬೇಕಾದಷ್ಟಿದೆ.

ನಮಗೆ ಅತಿ ಅನುಕೂಲವಾದ ದಾರಿ ಎಂದರೆ ಕೆ.ಜಿ.ಎಫ್. ಅದರ ಗುಟ್ಟು ಹೀಗಿದೆ. ಬೆಳಿಗ್ಗೆ ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ಬರುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೆ ಅದೇ ಹೊತ್ತಿಗೆ ಬೆಂಗಳೂರಿನಿಂದ ಆ ಕಡೆ ಹೋಗುವ ರೈಲಿನಲ್ಲಿ ಕಾಲು ಚಾಚಿ ಕೂರಬಹುದು. ಸಂಜೆ ಇದರ ತಿರುವುಮುರುವು. ಮೊದಲನೆಯ ಸಲ ಈ ಸೌಕರ್ಯಕ್ಕೆ ಬಹಳ ಹಿಗ್ಗಿದ್ದೆ. ಆಮೇಲೆ ಯೋಚಿಸಿದರೆ, ನಮ್ಮ ಖಾಲಿ ಸೀಟಿಗೆ ಕಾರಣ 2001ರ ಫೆಬ್ರವರಿ 28. ಆವತ್ತು ಚಿನ್ನದ ಗಣಿ ಮುಚ್ಚಿತು. ಊರಿನಲ್ಲಿ ಕೆಲಸವಿಲ್ಲದವರು ದಿನಾ ಬೆಂಗಳೂರಿಗೆ ಬಂದು ಹೋಗುವಂತಾಯಿತು. ಅಲ್ಲಿ ನೋಡುವುದೇನು ಎಂದು ನೀವು ಕೇಳಬಹುದು. ಗಣಿಯ ಬಾಯಿಯ ಮೇಲಿನ ಕಬ್ಬಿಣದ ಗೋಪುರಗಳು, ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳು, ಇಂಗ್ಲಿಷರ ಬಂಗಲೆಗಳು, ಕೂಲಿಯವರ ಒಂದೊಂದೇ ಕೋಣೆಯ ಸಾಲುಮನೆಗಳು. ನೆಲದಡಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದವರು ಆ ಸಾಲುಮನೆಯವರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬಂದದ್ದು ಈ ಗಣಿಗೆ, ಬೆಂಗಳೂರಿನ ಬೀದಿದೀಪಕ್ಕೆ ಅದು ಸಿಕ್ಕಿದ್ದು 1905ರಲ್ಲಿ. ಸಂಜೆ ಬಂಗಾರಪೇಟೆಯಲ್ಲಿ ನಮ್ಮ ರೈಲಿಗೆ ಕಾಯುತ್ತಿದ್ದಾಗ ಎದುರಿನ ಪ್ಲಾಟ್‌ಫಾರಂನಲ್ಲಿ ಬೆಂಗಳೂರಿನ ರೈಲು ಬಂದು ನಿಂತಿತು. ಖಾಲಿ ಊಟದ ಡಬ್ಬಿ ಹಿಡಿದ ನೂರಾರು ಹುಡುಗಿಯರು ಇಳಿದರು. ಹಲವರು ನಡೆಯುತ್ತಲೇ ತೂಕಡಿಸುವಂತಿದ್ದರು. ನಾವು ಅವರ ಊರನ್ನು ನೋಡಲು ಹೋಗಿ ಬಂದವರು ಎಂದು ಹೇಳಿಕೊಳ್ಳಲು ಆ ಹೊತ್ತು ಬಾಯಿ ಬರಲಿಲ್ಲ.

2023ರ ಜೂನ್ 11ರಿಂದ ನಮ್ಮ ನೋಟ್‌ಬುಕ್ಕಿನ ಲೆಕ್ಕ ಬದಲಾಯಿತು. ಸರ್ಕಾರದ ಸಾಮಾನ್ಯ ಬಸ್ಸು, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆಲ್ಲ ಟಿಕೆಟಿಲ್ಲ. ಟಿಕೆಟಿಲ್ಲ ಎಂದರೆ ಶೂನ್ಯ ಎಂದು ಮುದ್ರಿಸಿದ ಒಂದು ಚೀಟಿ ಕೊಡುತ್ತಾರೆ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. 1948ರಲ್ಲಿ ಮೈಸೂರು ಸರ್ಕಾರ 120 ಬಸ್ಸುಗಳಿಂದ ಶುರುಮಾಡಿದ ಸಾರಿಗೆ ಇದು. ಮೊದಲ ವಾರಗಳಲ್ಲಿ ದೇವಸ್ಥಾನದ ಊರುಗಳಿಗೆಲ್ಲ ಹೆಂಗಸರು ತುಂಬಿ ಹೋದರೆಂದು ಎಷ್ಟು ಜನ ಗೇಲಿ ಮಾಡಿದರು! ನಮ್ಮತ್ತೆ ಇದ್ದಿದ್ದರೆ ಉತ್ತರ ಹೇಳುತ್ತಿದ್ದರು. ನೆಪಕ್ಕೊಂದು ದೇವರು ಬೇಕೇ ಬೇಕಲ್ಲ. ನಮ್ಮ ಮನೆಗೆಲಸದಾಕೆ ಇಪ್ಪತ್ತೆರಡು ವರ್ಷದಿಂದ ಬೆಂಗಳೂರಿನಲ್ಲಿದ್ದವಳು, ಮೈಸೂರು ನೋಡಿರಲಿಲ್ಲ. ಆ ವರ್ಷ ನೋಡಿದಳು. ವಾಪಸ್ಸು ಬಂದು "ಅರಮನೆ ಪರವಾಗಿಲ್ಲಕ್ಕ, ಆದ್ರೆ ಒರೆಸೋದು ಕಷ್ಟ" ಎಂದಳು.

ಅದೇ ವರ್ಷದ ಮಾರ್ಚಿಯಲ್ಲಿ ಬೆಂಗಳೂರು ಮೈಸೂರು ನಡುವಿನ ದೊಡ್ಡ ಹೆದ್ದಾರಿಯೂ ತೆರೆಯಿತು. ಕಾರಿನವರು ಈಗ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬದಿಗೆ ಬಿಟ್ಟು ಹೋಗುತ್ತಾರೆ. ರೈಲು ಮಾತ್ರ ಕೋಟೆಯ ಒಳಗೇ ಹಾಯುತ್ತದೆ. ಜೋಡಿಹಳಿ ಹಾಕಲು ಟಿಪ್ಪುವಿನ ಒಂದು ಮದ್ದಿನ ಮನೆ ಅಡ್ಡ ಬಂತೆಂದು 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಹಾಗೇ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಜರುಗಿಸಿದರು. ನಾನು ಮೊದಲ ಸಲ ನೋಡಿದ ಜಾಗದಲ್ಲಿ ಈಗ ಅದಿಲ್ಲ.

ಆ ಎರಡನೆಯ ಬೆಂಚಿನ ಹುಡುಗಿಯ ಮಾತು ಬಾಕಿ ಇದೆ. ನಾನು ಗೋಡೆ ನೋಡಿ ಬರುವ ಹೊತ್ತಿಗೆ ಅವಳ ಪರೀಕ್ಷೆ ಮುಗಿದಿತ್ತು. ಜೂನಿನಲ್ಲಿ ಅಂಕಪಟ್ಟಿಗೆ ಬಂದಾಗಲಾದರೂ ಸಿಗುತ್ತಾಳೆಂದು ಕಾದೆ. ಅವಳ ಅಪ್ಪ ಬಂದು ತೆಗೆದುಕೊಂಡು ಹೋದರೆಂದು ಆಫೀಸಿನಲ್ಲಿ ಹೇಳಿದರು. ಹೊಸ ತರಗತಿಗೆ ಆ ಪಾಠ ಬಂದಾಗ ನಡೆದದ್ದನ್ನು ಹೇಳಿದೆ. ಮಕ್ಕಳು ನಕ್ಕರು. ಒಬ್ಬಳು "ಹಾಗಾದ್ರೆ ನಮ್ಮನ್ನೂ ಕರ್ಕೊಂಡು ಹೋಗಿ ಮಿಸ್" ಎಂದಳು. ಪ್ರವಾಸದ ಬಸ್ಸಿಗೆ ಹಣ ಕಟ್ಟಲಾರದೆ ಪ್ರತಿವರ್ಷ ಮನೆಯಲ್ಲೇ ಉಳಿಯುವ ಹುಡುಗಿಯರು ಯಾರೆಂದು ನಮಗೆಲ್ಲ ಗೊತ್ತಿರುತ್ತದೆ. ಅಂಥ ಆರು ಜನರ ಮನೆಗೆ ಹೋಗಿ, ತಾಯಂದಿರಿಂದ ಒಪ್ಪಿಗೆ ಬರೆಸಿಕೊಂಡು, 2010ರ ಮೇ ತಿಂಗಳಲ್ಲಿ ರೈಲಿನಲ್ಲೇ ಕರೆದುಕೊಂಡು ಹೋದೆ. ಬರುವ ರೈಲನ್ನು ಈ ಸಲ ಮೂರು ಸಲ ನೋಡಿಕೊಂಡಿದ್ದೆ. ಒಡೆದ ಗೋಡೆಯ ಹತ್ತಿರ ಅವರೆಲ್ಲ ಸಾಲಾಗಿ ನಿಂತು ಹೊಳೆಯ ಕಡೆ ನೋಡಿದರು. ಒಬ್ಬಳು, "ಮಿಸ್, ನೀರೇ ಇಲ್ವಲ್ಲ, ನಾವೂ ದಾಟಬಹುದಿತ್ತು" ಎಂದಳು. ನಾನು ಹೇಳಿಕೊಡುವ ಮುಂಚೆಯೇ ಹೇಳಿದಳು.

ನೋಟ್‌ಬುಕ್ ಈಗ ಮೂರನೆಯದು ನಡೆಯುತ್ತಿದೆ. ಮೊದಲನೆಯದರ ಮೊದಲ ಪುಟದಲ್ಲಿ, ರೈಲಿನ ವೇಳೆಗಿಂತ ಮೇಲೆ, ಆ ಹುಡುಗಿಗೆಂದು ಬರೆದದ್ದು ಹಾಗೇ ಇದೆ. "ಈಗ ನೋಡಿದೆ. ಜಾಗ ಹಾಗೇ ಇದೆ. ನಾನು ಹೇಳಿದಷ್ಟು ಎತ್ತರವಿಲ್ಲ."